ಭಾನುವಾರದ ಬೌಲಿಂಗ್, ಸೋಮವಾರದ ಮೊಣಕೈ

ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಎಂಬ ಮೂರು ಊರುಗಳ ಹೆಸರು ನಮ್ಮ ಜಿಲ್ಲೆಯ ಎಲ್ಲ ಓದುಗರಿಗೂ ಪರಿಚಿತವೆನ್ನಲಾಗದು. ಮನೆ ಕಟ್ಟಿಸಿದವರು ತಾಂಡೂರನ್ನು ನೆಲಕ್ಕೆ ಹಾಸುವ ಕಲ್ಲಿನ ಹೆಸರಾಗಿ ಕೇಳಿರಬಹುದು. ಅಲ್ಲಿಯ ತೊಗರಿಯೂ ಹೆಸರುವಾಸಿ. 2022ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಈ ಊರುಗಳಿಗೂ ನಮಗೂ ಕಲ್ಲು ಬೇಳೆಗಳಿಗಿಂತ ಹತ್ತಿರದ ನಂಟೊಂದಿದೆ. 1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತಷ್ಟೆ. ಅದೇ ದಿನ ಹಳೆಯ ಹೈದರಾಬಾದ್ ರಾಜ್ಯ ಒಡೆದು, ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಬಹುಪಾಲು, ಗುಲ್ಬರ್ಗ ಜಿಲ್ಲೆಯ ತಾಂಡೂರು ತಾಲೂಕು ಆಂಧ್ರಪ್ರದೇಶದ ಪಾಲಾದವು. 2014ರ ಜೂನ್ 2ರಿಂದ ಅವು ತೆಲಂಗಾಣದಲ್ಲಿವೆ. ತಾಂಡೂರಿನ ಬಳಿ ಹರಿಯುವ ಕಾಗಿಣಾ ಹೊಳೆಯೇ ಮುಂದೆ ರಾಷ್ಟ್ರಕೂಟರ ಮಳಖೇಡವನ್ನು ಸೇರುತ್ತದೆ. ಜಹೀರಾಬಾದ್ ಸಮೀಪದ ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಕನ್ನಡ, ತೆಲುಗು, ಮರಾಠಿ ಮೂರೂ ನುಡಿಯ ಭಕ್ತರಿದ್ದಾರೆ. ಶಾಲೆಗೊಂದು, ಪೇಟೆಗೊಂದು, ಅಡುಗೆಮನೆಗೊಂದು ಭಾಷೆ ಎಂಬ ಅಲ್ಲಿಯ ಕನ್ನಡ ಮನೆಗಳ ಸ್ಥಿತಿಯನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇರಲಿ. ನಾವಿಂದು ಬರೆಯಹೊರಟಿರುವುದು ಗಡಿಯ ವಿಷಯವನ್ನಲ್ಲ, ಮೊಣಕೈಯ ವಿಷಯವನ್ನು. ಗಡಿಯ ಮಾತು ನಡುವೆ ತಾನಾಗಿ ಬಂದರೆ ಬರಲಿ.

ಆ ಕಡೆ ತೊಗರಿ ಕಟಾವಾಗಿ ಹೊಲ ಬಯಲಾದ ಮೇಲೆ, ಈ ಕಡೆ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ, ಎಲ್ಲೆಡೆಯೂ ಮೂರು ಕೋಲು ನೆಟ್ಟು ಆಡುವ ಆಟವೊಂದೇ. ಅಲ್ಲಿ ಹೆಚ್ಚಾಗಿ ಟೆನಿಸ್ ಚೆಂಡಿನ ಕ್ರಿಕೆಟ್ಟು. ನಮ್ಮಲ್ಲಿ ಅದರೊಡನೆ ಅಂಡರ್‌ಆರ್ಮ್ ಪಂದ್ಯಾಟದ ಗೌಜಿಯೂ ಉಂಟು. ಹೈದರಾಬಾದಿನ ಮೊಹಮ್ಮದ್ ಸಿರಾಜ್ ಟೆನಿಸ್ ಚೆಂಡಿನಲ್ಲೇ ಕೈ ಪಳಗಿಸಿಕೊಂಡು ಭಾರತ ತಂಡಕ್ಕೆ ಬಂದವರು ಎಂಬುದು ಆ ಸುತ್ತಿನ ಹುಡುಗರಿಗೆಲ್ಲ ಬಾಯಿಪಾಠ. ಹುಡುಗರ ಮಾತು ಬಿಡಿ, ಮೂವತ್ತೈದು ನಲವತ್ತು ದಾಟಿದ ಅಂಗಡಿಯವರು, ಮಾಸ್ತರರು, ಬ್ಯಾಂಕಿನ ಗುಮಾಸ್ತರು ಕೂಡ ಹೊಟ್ಟೆ ಕರಗಲೆಂದೋ ಗೆಳೆಯರ ಒತ್ತಾಯಕ್ಕೋ ಭಾನುವಾರ ಚೆಂಡು ಹಿಡಿಯತೊಡಗಿದ್ದಾರೆ. ಇದು ಸಂತೋಷದ ಸಂಗತಿ. ಸಂಜೆ ದೂರದರ್ಶನದ ಮುಂದೆ ಕುಳಿತು ಬೇರೆಯವರ ಬೌಲಿಂಗನ್ನು ಬೈಯುವುದಕ್ಕಿಂತ ತಾನೇ ಎರಡು ಓವರು ಎಸೆದು ಬೈಸಿಕೊಳ್ಳುವುದು ದೇಹಕ್ಕೂ ಮನಸ್ಸಿಗೂ ಮೇಲು.

ಆದರೆ ಹೊಸದಾಗಿ ಚೆಂಡು ಹಿಡಿದ ಇವರಲ್ಲಿ ಅನೇಕರು ಮೂರು ನಾಲ್ಕು ವಾರ ಕಳೆಯುವುದರೊಳಗೆ ಮೊಣಕೈ ಹಿಡಿದುಕೊಂಡು ಕೂರುವುದನ್ನು ನಾವು ಕಾಣುತ್ತೇವೆ. ಸೋಮವಾರ ಬೆಳಗ್ಗೆ ಚೆಂಬು ಎತ್ತಲು ಹೋದರೆ ಒಂದು ಚಳಕು. ಬಾಗಿಲ ಚಿಲಕ ತಿರುಗಿಸಿದರೆ ಇನ್ನೊಂದು. ಒದ್ದೆ ಬಟ್ಟೆ ಹಿಂಡಿದರೆ ಕಣ್ಣಲ್ಲಿ ನೀರು. ಗುಮಾಸ್ತರಿಗಾದರೆ ಇದು ಒಂದು ಕಿರಿಕಿರಿ ಅಷ್ಟೆ. ತಾಂಡೂರಿನ ಕಲ್ಲಿನ ಕೆಲಸಗಾರನಿಗೆ ಹಾಗಲ್ಲ. ಗಣಿಯಲ್ಲಿ ಚಪ್ಪಡಿ ಎಬ್ಬಿಸಿ, ಪಾಲಿಶ್ ಯಂತ್ರದ ಬಳಿ ಅದನ್ನು ಎತ್ತಿ ಹೊರಳಿಸಿ ವಾರವಿಡೀ ದುಡಿಯುವವನ ಬಂಡವಾಳವೇ ಆ ಎರಡು ಕೈಗಳು. ಜಹೀರಾಬಾದ್ ಸುತ್ತಿನ ಕಬ್ಬಿನ ಗದ್ದೆಯಲ್ಲಿ ಕತ್ತಿ ಬೀಸುವವನದೂ, ಅಲ್ಲಿಯ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಬೋಲ್ಟು ಬಿಗಿಯುವವನದೂ ಇದೇ ಕಥೆ. ನಮ್ಮ ಕಡೆ ಮುರಕಲ್ಲು ಕಡಿಯುವವರು, ಅಡಿಕೆ ಸುಲಿಯುವವರು ಇಲ್ಲವೇ? ಇವರಿಗೆಲ್ಲ ಒಂದು ದಿನ ಕೈ ನಿಂತರೆ ಅಂದಿನ ಕೂಲಿ ನಿಂತಿತು. ಆಟದಲ್ಲಿ ಬಂದ ನೋವು ಆಟದಲ್ಲೇ ಉಳಿಯುವುದಿಲ್ಲ. ಅದು ಅಕ್ಕಿಯ ಡಬ್ಬಿಯವರೆಗೂ ಹೋಗುತ್ತದೆ.

ಮೊಳದ ಬುಡದಲ್ಲಿ ಏನಿದೆ?

ಹೂವಾಡಗಿತ್ತಿ ಮೊಳ ಅಳೆಯುವುದು ಮೊಣಕೈಯ ಗಂಟಿನಿಂದ ನಡುಬೆರಳಿನ ತುದಿಯವರೆಗೆ. ಆ ಗಂಟಿನ ಎರಡು ಪಕ್ಕದಲ್ಲಿ, ಹೊರಗೊಂದು ಒಳಗೊಂದು, ತೋಳಿನ ಮೂಳೆಯ ಪುಟ್ಟ ಉಬ್ಬುಗಳಿವೆ. ಬೆರಳಿನಿಂದ ಒತ್ತಿದರೆ ಸಿಗುತ್ತವೆ. ಮಣಿಕಟ್ಟನ್ನೂ ಬೆರಳುಗಳನ್ನೂ ಹಿಂದಕ್ಕೆ, ಅಂದರೆ ಮೇಲಕ್ಕೆ, ಎತ್ತುವ ಮಾಂಸಖಂಡಗಳೆಲ್ಲ ಮೊಳದುದ್ದಕ್ಕೆ ಹಾದುಬಂದು ಹೊರಗಿನ ಉಬ್ಬಿಗೆ ಒಂದು ಗಟ್ಟಿ ಹುರಿಯ ಮೂಲಕ ಅಂಟಿಕೊಂಡಿವೆ. ಮಣಿಕಟ್ಟನ್ನು ಮುಂದಕ್ಕೆ ಬಾಗಿಸಿ ಮುಷ್ಟಿ ಬಿಗಿಯುವ ಖಂಡಗಳು ಒಳಗಿನ ಉಬ್ಬಿಗೆ ಅಂಟಿಕೊಂಡಿವೆ. ಕೆಲಸ ನಡೆಯುವುದು ಬೆರಳಲ್ಲಾದರೂ ಎಳೆತ ಬೀಳುವುದು ಮೊಣಕೈಯಲ್ಲಿ. ಬಾವಿಯಿಂದ ಕೊಡ ಸೇದುವಾಗ ಭಾರ ಕೊಡದಲ್ಲಿದ್ದರೂ ಹಗ್ಗ ಸವೆಯುವುದು ರಾಟೆಯ ಬಳಿ ಅಲ್ಲವೇ, ಹಾಗೆ.

ಹೊರಬದಿಯ ನೋವಿಗೆ ಲೋಕವೆಲ್ಲ ಟೆನಿಸ್ ಎಲ್ಬೋ ಎನ್ನುತ್ತದೆ. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದು. 1873ರಲ್ಲಿ ಜರ್ಮನಿಯ ರುಂಗೆ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದ್ದು ಬರೆಯುವವರ ಕೈಯಲ್ಲಿ. 1882ರಲ್ಲಿ ಇಂಗ್ಲೆಂಡಿನ ಹೆನ್ರಿ ಮಾರಿಸ್ ಅದನ್ನು ಲಾನ್ ಟೆನಿಸ್ ಆಡುವವರೊಡನೆ ಸೇರಿಸಿ ಹೇಳಿದ ಮೇಲೆ ಹೆಸರು ಅಂಟಿಕೊಂಡಿತು. ರಾಕೆಟ್ಟನ್ನು ಮುಟ್ಟಿಯೂ ನೋಡದವರಲ್ಲೇ ಇದು ಹೆಚ್ಚು. ಸಾಮಾನ್ಯವಾಗಿ 35ರಿಂದ 55 ವರ್ಷದೊಳಗಿನವರಿಗೆ, ಗಂಡಸರಿಗೂ ಹೆಂಗಸರಿಗೂ, ಬರುತ್ತದೆ. ಕಾಯಿ ತುರಿಯುವ ಕೈಗೂ ಬಟ್ಟೆ ಹಿಂಡುವ ಕೈಗೂ ರಿಯಾಯಿತಿ ಇಲ್ಲ. ಆದುದರಿಂದ ಈ ಲೇಖನವನ್ನು ಆಟದ ಪುಟದ ಸಾಮಗ್ರಿಯೆಂದು ಮನೆಯ ಹೆಂಗಸರು ಬದಿಗಿಡಬಾರದೆಂದು ವಿನಂತಿ.

ಹಿಂದೆ ಇದನ್ನು ಬಾವು ಎಂದೇ ತಿಳಿದಿದ್ದರು. 1979ರಲ್ಲಿ ಅಮೆರಿಕದ ನಿರ್ಷಲ್ ಮತ್ತು ಪೆಟ್ರೋನ್ ಎಂಬ ಶಸ್ತ್ರವೈದ್ಯರು, ಶಸ್ತ್ರಕ್ರಿಯೆಯಲ್ಲಿ ತೆಗೆದ ಹುರಿಯನ್ನು ಪರೀಕ್ಷಿಸಿ ಬೇರೆಯೇ ಚಿತ್ರ ಕೊಟ್ಟರು. ಅಲ್ಲಿ ಬಾವಿನ ಲಕ್ಷಣಕ್ಕಿಂತ ಸವೆತದ ಲಕ್ಷಣವೇ ಹೆಚ್ಚಿತ್ತು. ಒತ್ತಾಗಿ ಹೊಸೆದ ತೆಂಗಿನ ನಾರಿನ ಹಗ್ಗ ಒಂದೆಡೆ ಬಿಚ್ಚಿ ಎಳೆಗಳು ಅಡ್ಡಾದಿಡ್ಡಿಯಾದರೆ ಹೇಗೋ ಹಾಗೆ. ಇದು ನೆನಪಿನಲ್ಲಿರಬೇಕಾದ ಸಂಗತಿ. ಬಾವಾದರೆ ಔಷಧದಿಂದ ಇಳಿಯಬಹುದು. ಬಿಚ್ಚಿದ ಹಗ್ಗವನ್ನು ಮತ್ತೆ ಹೊಸೆಯಬೇಕು. ಹೊಸೆಯುವುದೆಂದರೆ ಹದವಾಗಿ ಭಾರ ಹಾಕುತ್ತಾ ಬರುವುದು. ಅದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು.

ಬೌಲರಿಗೆ ನೋವು ಮೂರು ಕಡೆ ಬರಬಹುದು. ಹೊರಬದಿಯದು, ಚೆಂಡನ್ನು ಬಿಗಿಯಾಗಿ ಅವುಕಿ ಹಿಡಿಯುವವರಿಗೆ, ಮಣಿಕಟ್ಟು ತಿರುಚಿ ಸ್ಪಿನ್ ಮಾಡುವವರಿಗೆ, ಜೊತೆಗೆ ಭಾರದ ದಾಂಡು ಬೀಸುವವರಿಗೆ. ಒಳಬದಿಯದು, ಕೈ ನೆಟ್ಟಗೆ ತಿರುಗಿಸದೆ ಮೊಣಕೈ ಮಡಚಿ ಕಲ್ಲು ಬೀರಿದಂತೆ ಎಸೆಯುವವರಿಗೆ. ಹಿಂಬದಿಯದು, ಚೆಂಡು ಬಿಡುವ ಕೊನೆಯ ಕ್ಷಣದಲ್ಲಿ ಕೈಯನ್ನು ಟಕ್ಕೆಂದು ನೆಟ್ಟಗೆ ಝಾಡಿಸುವವರಿಗೆ. ಅಲ್ಲಿ ಮೂಳೆ ಮೂಳೆಗೆ ತಾಗುತ್ತದೆ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದೆಂಬ ಮಿತಿ 2005ರಿಂದ ಇದೆ. ಊರಿನ ಪಂದ್ಯಾಟದ ಅಂಪೈರು ಇದನ್ನೆಲ್ಲ ನೋಡುವುದಿಲ್ಲ, ನೋಡಿದರೂ ಹೇಳುವುದಿಲ್ಲ. ಮರುದಿನ ಅಂಗಡಿಯಲ್ಲಿ ಮುಖ ನೋಡಬೇಕಲ್ಲ! ಅಂಪೈರು ಸುಮ್ಮನಿದ್ದರೂ ಮೊಣಕೈ ಸುಮ್ಮನಿರುವುದಿಲ್ಲ.

ಟೆನಿಸ್ ಚೆಂಡು ಹಗುರ, ಅದರಿಂದೇನು ತೊಂದರೆ ಎಂದು ಕೇಳುವವರಿದ್ದಾರೆ. ಚರ್ಮದ ಚೆಂಡು 156ರಿಂದ 163 ಗ್ರಾಂ ತೂಗಿದರೆ ಟೆನಿಸ್ ಚೆಂಡು 56ರಿಂದ 59 ಗ್ರಾಂ ಮಾತ್ರ ಎಂಬುದು ನಿಜ. ಆದರೆ ಹಗುರವಾದುದಕ್ಕೆ ವೇಗ ಕೊಡಲು ಕೈಯನ್ನೇ ಹೆಚ್ಚು ರಭಸದಿಂದ ಬೀಸಬೇಕಾಗುತ್ತದೆ. ಓಡಿ ಬರುವ ಕಾಲಿನ ಬಲ, ಸೊಂಟದ ತಿರುವು, ಹೆಗಲು, ಇವು ಮಾಡಬೇಕಾದ ಕೆಲಸವನ್ನು ಅಭ್ಯಾಸವಿಲ್ಲದವನು ಮೊಣಕೈಯಿಂದಲೇ ಮಾಡಿಸಹೋಗುತ್ತಾನೆ. ಅದರ ಮೇಲೆ ಫೀಲ್ಡಿಂಗ್. ಎರಡು ಓವರು ಬೌಲು ಮಾಡಿದ್ದಕ್ಕಿಂತ, ಮೈ ಬಿಸಿಯಾಗುವ ಮುನ್ನವೇ ಬೌಂಡರಿ ಗೆರೆಯಿಂದ ನಾಲ್ಕು ಸಲ ಬಲವಾಗಿ ಎಸೆದದ್ದೇ ಕೈ ಕೆಡಿಸಿರುತ್ತದೆ. ದೂಷಣೆ ಮಾತ್ರ ಬೌಲಿಂಗಿಗೆ. ನಮ್ಮ ಮೈಸೂರಿನ ಬಿ. ಎಸ್. ಚಂದ್ರಶೇಖರರು ಬಾಲ್ಯದಲ್ಲಿ ಪೋಲಿಯೋ ತಗಲಿದ ಬಲಗೈಯಿಂದಲೇ ಬೌಲು ಮಾಡಿ 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದರು. ಆದರೆ ಫೀಲ್ಡಿಂಗ್ ಮಾಡುವಾಗ ಚೆಂಡೆಸೆಯಲು ಅವರು ಬಳಸುತ್ತಿದ್ದುದು ಎಡಗೈಯನ್ನು. ಅಂಥ ಅನುಕೂಲ ಉಳಿದವರಿಗಿಲ್ಲ. ಎರಡೂ ಕೆಲಸ ಒಂದೇ ಮೊಣಕೈಯ ತಲೆಗೆ ಬೀಳುತ್ತದೆ.

ಮೂಲಕಾರಣ ಇಷ್ಟೇ: ಹುರಿಗೆ ಅಭ್ಯಾಸವಿದ್ದ ಭಾರಕ್ಕೂ ಒಮ್ಮೆಗೇ ಬಿದ್ದ ಭಾರಕ್ಕೂ ಇರುವ ಅಂತರ. ಕಲ್ಲಿನ ಕೆಲಸಗಾರನ ಕೈ ಗಟ್ಟಿ, ಅವನಿಗೆ ಏನೂ ಆಗದು ಎಂಬ ಮಾತು ತಪ್ಪು. ಅವನ ಹುರಿ ಆರು ದಿನವೂ ದುಡಿದು ದಣಿದಿದೆ; ಏಳನೆಯ ದಿನದ ವಿಶ್ರಾಂತಿಯನ್ನು ಚೆಂಡು ಕಸಿದುಕೊಳ್ಳುತ್ತದೆ. ಗುಮಾಸ್ತರ ಹುರಿಗೆ ಆರು ದಿನವೂ ಲೇಖನಿಗಿಂತ ಭಾರದ್ದು ಸಿಕ್ಕಿಲ್ಲ. ಏಳನೆಯ ದಿನ ಒಮ್ಮೆಗೇ ಅರುವತ್ತು ಎಪ್ಪತ್ತು ಎಸೆತ. ಇಬ್ಬರೂ ಒಂದೇ ವೈದ್ಯರ ಬಾಗಿಲಲ್ಲಿ ಕೂರುತ್ತಾರೆ.

ನೋವಿಗೆ ಯಾವ ಭಾಷೆ?

ಆ ಬಾಗಿಲ ಬಳಿಗೆ ಬಂದಾಗ ನಮ್ಮಂಥವರ ತೊಡಕು ಶುರುವಾಗುತ್ತದೆ. ಮೊಣಕೈ ನೋವನ್ನು ಗುರುತಿಸಲು ದೊಡ್ಡ ಯಂತ್ರಗಳಿಗಿಂತ ರೋಗಿಯ ಮಾತೇ ಹೆಚ್ಚು ಉಪಯೋಗ. ಎಲ್ಲಿ, ಯಾವಾಗ, ಎಂಥ ನೋವು ಎಂಬ ಮೂರು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಎಕ್ಸ್‌ರೇಯಲ್ಲಿ ಈ ಸವೆತ ಹೆಚ್ಚಾಗಿ ಕಾಣುವುದೇ ಇಲ್ಲ. ಆದರೆ ಕನ್ನಡದಲ್ಲಿ ಅನುಭವಿಸಿದ ನೋವನ್ನು ತಾಂಡೂರಿನವರು ತೆಲುಗಿನಲ್ಲಿ, ನಾವು ಮಲಯಾಳದಲ್ಲಿ ಹೇಳಬೇಕು. ಬಸ್ಸಿನ ಚೀಟಿಗೂ ರೇಷನ್ ಅಂಗಡಿಗೂ ಸಾಕಾಗುವ ಪರಭಾಷೆ ಮೊಣಕೈಗೆ ಸಾಕಾಗುವುದಿಲ್ಲ. ಕೊನೆಗೆ 'ನೋವು, ತುಂಬಾ ನೋವು' ಎಂಬ ಒಂದೇ ಶಬ್ದದಲ್ಲಿ ಮುಗಿಸಿ ಬರುತ್ತೇವೆ. ವೈದ್ಯರೂ ಒಂದೇ ಗುಳಿಗೆಯಲ್ಲಿ ಮುಗಿಸುತ್ತಾರೆ.

ನಮ್ಮ ಭಾಷೆಯಲ್ಲಿ ನೋವಿಗೆ ಎಷ್ಟು ಶಬ್ದಗಳಿವೆ ನೋಡಿ. ಸೆಳೆತ, ಚಳಕು, ಉಳುಕು, ಉರಿ, ಜೋಮು, ಮಿಡಿತ. ಇವು ಅಲಂಕಾರಕ್ಕೆ ಇರುವವಲ್ಲ, ಒಂದೊಂದೂ ಒಂದೊಂದು ಕಡೆಗೆ ಬೆರಳು ತೋರಿಸುತ್ತದೆ. ವಸ್ತು ಹಿಡಿದು ಎತ್ತಿದಾಗ ಸೆಳೆತ ಬಂದರೆ ಹುರಿಯ ಸವೆತವೆಂದು ಊಹಿಸಬಹುದು. ಕೈ ಪೂರ್ತಿ ನೆಟ್ಟಗೆ ಮಾಡಿದಾಗ ಹಿಂದೆ ಚಳಕು ಹೊಡೆದರೆ ಕೀಲಿನ ಹಿಂಬದಿಯ ತೊಂದರೆಯಿರಬಹುದು. ಕಿರುಬೆರಳೂ ಉಂಗುರ ಬೆರಳೂ ಜೋಮು ಹಿಡಿದರೆ, ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ನರ ಒತ್ತಿಹೋಗಿದೆ ಎಂದು ಶಂಕಿಸಬೇಕು. ಮೊಣಕೈ ಗೋಡೆಗೆ ತಾಗಿದಾಗ ಝುಮ್ಮೆನ್ನುವುದು ಅದೇ ನರ. ಕುತ್ತಿಗೆಯಿಂದ ಇಳಿದು ತೋಳಿನುದ್ದಕ್ಕೆ ಬರುವ ಉರಿಯಾದರೆ ಮೂಲ ಕುತ್ತಿಗೆಯಲ್ಲಿರಬಹುದು, ಮೊಣಕೈಗೆ ಎಷ್ಟು ಎಣ್ಣೆ ತಿಕ್ಕಿದರೂ ವ್ಯರ್ಥ. 'ನರ ಹಿಡಿದಿದೆ' ಎಂಬ ನಮ್ಮ ರೂಢಿಯ ಮಾತಂತೂ ವೈದ್ಯರನ್ನು ತೀರಾ ದಾರಿತಪ್ಪಿಸುವಂಥದು. ಏಕೆಂದರೆ ನಾವು ಹುರಿಗೂ ನರವೆನ್ನುತ್ತೇವೆ, ರಕ್ತನಾಳಕ್ಕೂ ನರವೆನ್ನುತ್ತೇವೆ, ನಿಜವಾದ ನರಕ್ಕೂ ನರವೆನ್ನುತ್ತೇವೆ.

ಜಹೀರಾಬಾದ್ ತಾಂಡೂರುಗಳ ಬಂಧುಗಳಿಗೆ ತೆಲುಗಿನ ನಾಲ್ಕು ಶಬ್ದಗಳು ಗೊತ್ತಿದ್ದೇ ಇರುತ್ತವೆ, ಬಾಯಿಗೆ ಬರಬೇಕಾದಾಗ ಬರುವುದಿಲ್ಲ ಅಷ್ಟೆ. ಮೊಣಕೈಗೆ ಮೋಚೇಯಿ, ಸೆಳೆಯುತ್ತದೆ ಎನ್ನಲು ಲಾಗುತೋಂದಿ, ಜೋಮಿಗೆ ತಿಮ್ಮಿರಿ, ಉರಿಗೆ ಮಂಟ. ಉರ್ದು ಬಲ್ಲ ವೈದ್ಯರಾದರೆ ಮೊಣಕೈ ಕೊಹ್ನಿ, ಜೋಮು ಹಿಡಿದ ಕೈ ಸುನ್ನ್. ನಮ್ಮ ಕಡೆ ಮಲಯಾಳದಲ್ಲಿ ಕೈಮುಟ್ಟ್ ಎಂದು ಪೂರ್ತಿ ಹೇಳಬೇಕು. ಬರಿಯ ಮುಟ್ಟ್ ಎಂದರೆ ಮೊಣಕಾಲೆಂದು ತಿಳಿದು ಕಾಲು ಚಾಚಲು ಹೇಳಿಯಾರು. ಜೋಮಿಗೆ ತರಿಪ್ಪ್, ಒಳಗೊಳಗೇ ಕಡಿಯುವಂಥ ನೋವಿಗೆ ಕಡಚ್ಚಿಲ್. ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದರಲ್ಲಿ ನಾಚಿಕೆ ಪಡಬೇಕಾದ್ದೇನೂ ಇಲ್ಲ. ಶಬ್ದ ಸಿಗದಿದ್ದರೆ ಒಂದೇ ಬೆರಳಿನಿಂದ ನೋವಿನ ಜಾಗವನ್ನು ಮುಟ್ಟಿ ತೋರಿಸಬೇಕು, ಇಡೀ ಕೈಯನ್ನು ಸವರಿ ತೋರಿಸಿದರೆ ಪ್ರಯೋಜನವಿಲ್ಲ. ಬೆರಳಿಗೆ ಗಡಿಯೂ ಇಲ್ಲ, ಭಾಷೆಯೂ ಇಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದುಂಟು. ಮೊಣಕೈ ನೆಟ್ಟಗಿಟ್ಟು, ಅಂಗೈ ಕೆಳಮುಖವಾಗಿ ಹಿಡಿದು, ಹಗುರವಾದ ಕುರ್ಚಿಯನ್ನು ಅದರ ಬೆನ್ನಿನಲ್ಲಿ ಹಿಡಿದು ಎತ್ತಿ ನೋಡಿ. ಹೊರ ಉಬ್ಬಿನಲ್ಲಿ ಕಚ್ಚಿದಂತಾದರೆ ಅದು ಬಹುಪಾಲು ಟೆನಿಸ್ ಎಲ್ಬೋ. ಅಂಗೈ ಮೇಲ್ಮುಖವಾಗಿಟ್ಟು ಮೇಜಿನ ಅಡಿಯಂಚನ್ನು ಮೇಲಕ್ಕೆ ಒತ್ತಿದಾಗ ಒಳ ಉಬ್ಬಿನಲ್ಲಿ ನೋವಾದರೆ ಒಳಬದಿಯದು.

ತಡಮಾಡದೆ ವೈದ್ಯರಲ್ಲಿಗೆ ಓಡಬೇಕಾದ ಸಂದರ್ಭಗಳೂ ಇವೆ. ಬಿದ್ದು ಅಥವಾ ಎಸೆಯುವಾಗ 'ಟಪ್' ಎಂದು ಸದ್ದಾಗಿ ಕೈ ಸೋತರೆ, ಕೀಲು ಊದಿ ಬಿಸಿಯಾಗಿ ಜ್ವರ ಬಂದರೆ, ಕೈ ಮಡಚಲೋ ಚಾಚಲೋ ಆಗದೆ ಸಿಕ್ಕಿಕೊಂಡರೆ, ಜೋಮು ಬಿಡದೆ ಹಿಡಿತ ಸಡಿಲವಾಗುತ್ತ ಬಂದರೆ ಕಾಯಬಾರದು. ಎಡತೋಳಿನ ನೋವಿನೊಡನೆ ಎದೆ ಹಿಂಡುವುದು, ಬೆವರು, ಏದುಸಿರು ಇದ್ದರೆ ಅದನ್ನು ಆಟದ ನೋವೆಂದು ತಿಳಿದು ಮನೆಯಲ್ಲಿ ಕೂತವರು ಕೆಡುತ್ತಾರೆ, ಅದು ಹೃದಯದ್ದಿರಬಹುದು.

ಎಣ್ಣೆ, ಕಟ್ಟು, ಸೂಜಿ

ಮೊಣಕೈ ನೋವೆಂದ ಕೂಡಲೆ ನಮ್ಮಲ್ಲಿ ಮುರಿವೆಣ್ಣೆಯ ಬಾಟಲಿ ಹೊರಬರುತ್ತದೆ. ತೆಲುಗು ಸೀಮೆಯಲ್ಲಿ 'ಪುತ್ತೂರು ಕಟ್ಟು' ಎಂಬುದೊಂದಿದೆ. ನಮ್ಮ ಓದುಗರು ಇದನ್ನು ಬಸ್ಸಿನಲ್ಲಿ ಒಂದೂವರೆ ಗಂಟೆಯ ನಮ್ಮ ಪುತ್ತೂರೆಂದು ಭಾವಿಸಬಾರದು. ಇದು ತಿರುಪತಿಯ ದಿಕ್ಕಿನ ಪುತ್ತೂರು, ಮೂಳೆ ಕಟ್ಟುವ ನಾಟಿ ವೈದ್ಯಕ್ಕೆ ಹೆಸರಾದುದು. ಮೆಲ್ಲಗೆ ಎಣ್ಣೆ ಸವರಿದರೆ ಹಿತವಾಗುತ್ತದೆ, ಬೇಡವೆನ್ನಲು ನಮಗೆ ಕಾರಣ ಕಾಣದು. ಆದರೆ ನೋವಿರುವ ಉಬ್ಬಿನ ಮೇಲೇ ಹೆಬ್ಬೆರಳೂರಿ ತಿಕ್ಕಿಸುವುದು, ಕೀಲನ್ನು ಜಗ್ಗಿಸಿ ಲಟ್ಟೆನ್ನಿಸುವುದು, ಮೂಳೆ ಮುರಿಯದಿದ್ದರೂ ವಾರಗಟ್ಟಲೆ ಬಿಗಿಯಾಗಿ ಕಟ್ಟಿಡುವುದು ಕೂಡದು. ಕಟ್ಟಿಟ್ಟ ಹುರಿ ಗಟ್ಟಿಯಾಗುವುದಿಲ್ಲ, ಇನ್ನಷ್ಟು ಸೊರಗುತ್ತದೆ.

ಸೂಜಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೂಲಿಯವನು ಅದಕ್ಕೇ ಮೊದಲು ಮನಸೋಲುವುದು. ನೋವಿನ ಜಾಗಕ್ಕೆ ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಕೆಲವೇ ದಿನಗಳಲ್ಲಿ ಕೈ ಹಗುರವಾಗುತ್ತದೆ. ಮರುವಾರ ಕೆಲಸ, ಅದರ ಮರುವಾರ ಪಂದ್ಯಾಟ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಸಂಶೋಧಕರು 198 ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಸೂಜಿ, ಇನ್ನೊಂದಕ್ಕೆ ಫಿಸಿಯೋಥೆರಪಿ, ಮೂರನೆಯದಕ್ಕೆ ಎಚ್ಚರಿಕೆಯ ಮಾತು ಹೇಳಿ ಕಾಯುವುದು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆರು ವಾರದಲ್ಲಿ ಸೂಜಿಯವರೇ ಮುಂದು. ಆದರೆ ಸೂಜಿಯಿಂದ ಗುಣ ಕಂಡ 65 ಮಂದಿಯಲ್ಲಿ 47 ಮಂದಿಗೆ ಆಮೇಲೆ ನೋವು ಮರಳಿತು. ವರ್ಷ ಕಳೆದಾಗ ವ್ಯಾಯಾಮದವರೂ, ಸುಮ್ಮನೆ ಕಾದವರೂ ಕೂಡ, ಸೂಜಿಯವರಿಗಿಂತ ಚೆನ್ನಾಗಿದ್ದರು. ಸೂಜಿ ತಪ್ಪೆಂದು ನಾವು ಹೇಳುವುದಿಲ್ಲ, ಅದು ವೈದ್ಯರಿಗೆ ಬಿಟ್ಟ ಮಾತು. ಆದರೆ ಚುಚ್ಚಿಸಿಕೊಳ್ಳುವ ಮುನ್ನ ಆ ವರ್ಷದ ಲೆಕ್ಕವನ್ನು ಕೇಳಿ ತಿಳಿಯುವುದು ರೋಗಿಯ ಹಕ್ಕು. ಔಷಧದಂಗಡಿಯಲ್ಲಿ ಹೆಸರು ಹೇಳಿ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವುದಂತೂ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ಬಿಸಿಲಲ್ಲಿ ಬೆವರಿ ದುಡಿಯುವವರಿಗೆ ಇನ್ನೂ ಹೆಚ್ಚು.

ಶಸ್ತ್ರಕ್ರಿಯೆ ಬೇಕಾಗುವುದು ಬಹಳ ಕಡಿಮೆ ಮಂದಿಗೆ. ಸಚಿನ್ ತೆಂಡೂಲ್ಕರರಿಗೆ 2004ರಲ್ಲಿ ಎಡ ಮೊಣಕೈಗೆ ಇದೇ ನೋವು ಬಂದು, ಆಸ್ಟ್ರೇಲಿಯಾ ವಿರುದ್ಧದ ಬೆಂಗಳೂರು ಮತ್ತು ಚೆನ್ನೈ ಟೆಸ್ಟುಗಳು ತಪ್ಪಿದವು. 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಶಸ್ತ್ರಕ್ರಿಯೆಯಾಯಿತು. ಆ ದಿನಗಳಲ್ಲಿ ನಮ್ಮ ಹಳ್ಳಿಹಳ್ಳಿಯೂ ಟೆನಿಸ್ ಎಲ್ಬೋ ಎಂಬ ಶಬ್ದ ಕಲಿಯಿತು. ಬ್ಯಾಟು ಹಿಡಿದೇ ಹೊಟ್ಟೆ ಹೊರೆಯುವವರ ಮಾತು ಬೇರೆ. ಭಾನುವಾರದ ಬೌಲರಿಗೆ ಹೆಚ್ಚಾಗಿ ಬೇಕಾಗುವುದು ತಾಳ್ಮೆ ಮತ್ತು ಅರ್ಧ ಲೀಟರಿನ ನೀರಿನ ಬಾಟಲಿ.

ಬಾಟಲಿ ಏಕೆಂದರೆ ಅದು ತುಂಬಿದಾಗ ಸುಮಾರು ಅರ್ಧ ಕಿಲೋ ತೂಗುತ್ತದೆ, ಮನೆಯಲ್ಲಿ ಸಿಗುತ್ತದೆ, ನೀರು ಚೆಲ್ಲಿ ತೂಕ ಕಡಿಮೆ ಮಾಡಬಹುದು. ನೋವು ಜೋರಾಗಿರುವ ಮೊದಲ ಒಂದೆರಡು ವಾರ ಎಸೆತ ನಿಲ್ಲಿಸಿ, ಬೇಕಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಬಹುದು. ಬಳಿಕ ಮೊಳವನ್ನು ಮೇಜಿನ ಮೇಲೆ ಊರಿ, ಹಸ್ತ ಅಂಚಿನಾಚೆ ಇರುವಂತೆ ಮಾಡಿ, ಹೊರಬದಿಯ ನೋವಿನವರು ಅಂಗೈ ಕೆಳಮುಖವಾಗಿ ಬಾಟಲಿ ಹಿಡಿಯಬೇಕು. ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲೆತ್ತಿ, ಆ ಕೈ ಬಿಟ್ಟು, ಒಂದು ಎರಡು ಮೂರು ನಾಲ್ಕು ಎಂದು ಎಣಿಸುತ್ತ ನೋವಿನ ಕೈಯಿಂದಲೇ ಮೆಲ್ಲನೆ ಇಳಿಸಬೇಕು. ಈ ಇಳಿಸುವಿಕೆಯಲ್ಲೇ ಮದ್ದಿರುವುದು, ಎತ್ತುವುದರಲ್ಲಲ್ಲ. ಹದಿನೈದು ಸಲ, ನಡುವೆ ವಿಶ್ರಾಂತಿ ಕೊಟ್ಟು ಮೂರು ಸುತ್ತು. ಒಳಬದಿಯ ನೋವಿನವರು ಅಂಗೈ ಮೇಲ್ಮುಖವಾಗಿಟ್ಟು ಇದನ್ನೇ ಮಾಡಬೇಕು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನ ಬೆಳಗ್ಗೆ ಚೆಂಬು ಎತ್ತುವಾಗ ನೋವು ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ ತೂಕ ಹೆಚ್ಚಾಯಿತೆಂದು ಅರ್ಥ; ಬಾಟಲಿಯಿಂದ ನೀರು ಚೆಲ್ಲಿ. ಆರರಿಂದ ಹನ್ನೆರಡು ವಾರ ಬಿಡದೆ ನಡೆಯಬೇಕು. ಎರಡನೆಯ ವಾರಕ್ಕೇ ಬೇಸರವಾಗುತ್ತದೆ, ಅದು ಸಹಜ. ಫಿಸಿಯೋಥೆರಪಿಸ್ಟರು ಹತ್ತಿರದಲ್ಲಿದ್ದರೆ ಒಮ್ಮೆ ಅವರೆದುರು ಮಾಡಿ ತೋರಿಸಿ ತಿದ್ದಿಸಿಕೊಂಡರೆ ಒಳ್ಳೆಯದು. ಮೊಣಕೈಯಿಂದ ಎರಡು ಬೆರಳಷ್ಟು ಕೆಳಗೆ ಕಟ್ಟುವ ಪಟ್ಟಿ ಕೆಲಸದ ಹೊತ್ತಿನಲ್ಲಿ ಕೆಲವರಿಗೆ ಆರಾಮ ಕೊಡುತ್ತದೆ. ಅದನ್ನು ನೋವಿನ ಗಂಟಿನ ಮೇಲೇ ಬಿಗಿದು, ಕೈ ನೀಲಿಗಟ್ಟಿಸಿಕೊಂಡು ಓಡಾಡುವವರನ್ನೂ ನಾವು ಕಂಡಿದ್ದೇವೆ.

ಮನೆಯ ಮಕ್ಕಳ ವಿಷಯದಲ್ಲಿ ಈ ಬಾಟಲಿ ವೈದ್ಯ ಸಲ್ಲದು. ಹತ್ತರಿಂದ ಹದಿನೈದು ಹದಿನಾರರವರೆಗಿನ ಹುಡುಗ ಹುಡುಗಿಯರಲ್ಲಿ ಮೊಣಕೈಯ ಒಳ ಉಬ್ಬು ಇನ್ನೂ ಪೂರ್ತಿ ಮೂಳೆಯಾಗಿ ಕೂಡಿಕೊಂಡಿರುವುದಿಲ್ಲ, ನಡುವೆ ಬೆಳವಣಿಗೆಯ ಮೆದು ಪದರ ಇರುತ್ತದೆ. ಅತಿಯಾಗಿ ಎಸೆದರೆ ಹುರಿಯ ಬದಲು ಆ ಪದರವೇ ಬಿರಿಯಬಹುದು. ಮಗು ಎಸೆದ ಮೇಲೆ ಒಳಬದಿ ನೋವೆಂದರೆ ಎಸೆತ ಅಂದೇ ನಿಲ್ಲಬೇಕು, ವೈದ್ಯರಿಗೆ ತೋರಿಸಬೇಕು. 'ಇಷ್ಟಕ್ಕೆಲ್ಲ ಅಳುತ್ತೀಯಾ' ಎಂದು ಮತ್ತೊಂದು ಓವರು ಹಾಕಿಸುವ ಅಪ್ಪಂದಿರ ವಿಷಯದಲ್ಲಿ ನಮಗೆ ಸ್ವಲ್ಪವೂ ಮರುಕವಿಲ್ಲ.

ಇನ್ನು ಮೈದಾನಕ್ಕೆ ಮರಳುವ ಕ್ರಮ. ಕುರ್ಚಿ ಎತ್ತಿದರೆ ನೋವಿಲ್ಲ, ಮುಷ್ಟಿ ಬಿಗಿದರೆ ಎರಡೂ ಕೈ ಸಮ ಎಂದಾದ ಮೇಲೆ ಮೊದಲ ವಾರ ದಿನ ಬಿಟ್ಟು ದಿನ, ಎರಡೇ ಹೆಜ್ಜೆ ಓಡಿ, ಅರ್ಧ ವೇಗದಲ್ಲಿ ಹನ್ನೆರಡು ಎಸೆತ. ಎಸೆತಗಳನ್ನು ಎಣಿಸಲೇಬೇಕು, ಓವರಿನ ಲೆಕ್ಕ ಅಂಪೈರಿಗೆ, ಎಸೆತದ ಲೆಕ್ಕ ಮೊಣಕೈಗೆ. ವಾರಕ್ಕೆ ಆರು ಎಸೆತ ಏರಿಸುತ್ತ, ಆಮೇಲೆ ವೇಗ, ಎಲ್ಲಕ್ಕೂ ಕೊನೆಗೆ ಪಂದ್ಯ. ಚೆಂಡನ್ನು ಬೆರಳ ತುದಿಯಲ್ಲಿ ಹಿಡಿಯಬೇಕು, ಅಂಗೈಯಲ್ಲಿ ಅವುಕಬಾರದು. ಕೈ ನೆಟ್ಟಗೆ, ಹೆಗಲಿನಿಂದ ಸುತ್ತಿ ಬರಬೇಕು. ಫೀಲ್ಡಿಂಗಿಗೆ ಮೊದಲ ತಿಂಗಳು ದಾಂಡಿಗನ ಸಮೀಪ ನಿಲ್ಲಿಸಲು ನಾಯಕರಲ್ಲಿ ಕೇಳಿಕೊಳ್ಳುವುದು, ದೂರದಿಂದ ಬಂದ ಚೆಂಡನ್ನು ನಡುವೆ ನಿಂತವನಿಗೆ ಕೊಟ್ಟುಬಿಡುವುದು. ಕಲ್ಲಿನ ಕೆಲಸಗಾರನಿಗೆ ಇದರ ಮೇಲೆ ಇನ್ನೊಂದು ಮಾತು ಸೇರಿಸಬೇಕು: ಪಂದ್ಯಾಟ ಆಡಿದ ವಾರದ ಸೋಮವಾರ ಚಪ್ಪಡಿ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ, ಚಪ್ಪಡಿ ಮೈಗೆ ಹತ್ತಿರವಿರಲಿ, ಇನ್ನೊಂದು ತುದಿಗೆ ಜೊತೆಯವನನ್ನು ಕರೆಯಲಿ. ಅವನೂ ನಿನ್ನೆ ಇದೇ ತಂಡದಲ್ಲಿ ಆಡಿದವನಾಗಿದ್ದರೆ ಚಪ್ಪಡಿ ಮಂಗಳವಾರದವರೆಗೆ ಅಲ್ಲೇ ಬಿದ್ದಿರಲಿ.